ಮದ್ದಿಲ್ಲದ ಕಾಲದಲ್ಲಿ ಬಾಗಿಲು ತೆರೆದ ಕಂಕನಾಡಿ

ಕಂಕನಾಡಿ ಎಂದರೆ ಮಂಗಳೂರಿನವರಿಗೆ ಮೊದಲು ನೆನಪಾಗುವುದು ಆಸ್ಪತ್ರೆ. ಪುತ್ತೂರು, ಬಂಟ್ವಾಳ, ಕಾಸರಗೋಡು ಕಡೆಯಿಂದ ಎಕ್ಸ್‌ರೇ ಲಕೋಟೆ ಹಿಡಿದು ಬಂದವರು ದಾರಿ ಕೇಳಬೇಕಾದ್ದೇ ಇಲ್ಲ. "ಮುಲ್ಲರ್ಸ್ ಆಸ್ಪತ್ರೆ ಎಲ್ಲಿ ಮಾರಾಯ್ರೆ?" ಎಂದರೆ ಸಾಕು, ನಾಲ್ಕು ಜನ ಒಟ್ಟಿಗೇ ಕೈ ತೋರಿಸುತ್ತಾರೆ. ವೈದ್ಯಕೀಯ ಕಾಲೇಜು, ನರ್ಸಿಂಗ್ ಶಾಲೆ, ಹೋಮಿಯೋಪಥಿ ಕಾಲೇಜು, ಔಷಧ ತಯಾರಿಕೆ ಎಲ್ಲ ಸೇರಿ ಅದೊಂದು ಸಣ್ಣ ಊರೇ ಆಗಿದೆ.

ಆದರೆ ಈ ಊರಿನ ಬುನಾದಿಯ ಕಡೆ ಒಮ್ಮೆ ನೋಡಿ. ಅಲ್ಲಿ ಸಾಮಾನ್ಯ ರೋಗಿಗಳಿಗಾಗಿ ಆಸ್ಪತ್ರೆ ಆದದ್ದು 1895ರಲ್ಲಿ. ಕುಷ್ಠರೋಗಿಗಳಿಗೆ ಆಶ್ರಯ ಆದದ್ದು 1890ರಲ್ಲಿ. ಅಂದರೆ ಜ್ವರ, ಕೆಮ್ಮು, ಹೊಟ್ಟೆನೋವಿನವರಿಗೆ ಮಂಚ ಹಾಕುವ ಐದು ವರ್ಷ ಮೊದಲೇ, ಊರು ಹೊರಗೆ ಹಾಕಿದವರಿಗೆ ಅಲ್ಲಿ ಮಂಚ ಸಿಕ್ಕಿತ್ತು!

ಇದರಲ್ಲೇನು ವಿಶೇಷ ಎನ್ನಬಹುದು. ವಿಶೇಷ ಉಂಟು. 1890ರಲ್ಲಿ ಕುಷ್ಠಕ್ಕೆ ಮದ್ದೇ ಇರಲಿಲ್ಲ. ಮಂಗಳೂರಿನಲ್ಲಿ ಮಾತ್ರವಲ್ಲ, ಲಂಡನಿನಲ್ಲೂ ಇರಲಿಲ್ಲ, ಬರ್ಲಿನಿನಲ್ಲೂ ಇರಲಿಲ್ಲ. ನಿಜವಾಗಿ ಗುಣ ಮಾಡುವ ಔಷಧಿ ಬರಲು ಇನ್ನೂ ಐವತ್ತು ವರ್ಷ ಬಾಕಿ ಇತ್ತು. ಹಾಗಾದರೆ ಗುಣವಾಗದ ರೋಗಿಗಳನ್ನು ಯಾಕೆ ಸೇರಿಸಿಕೊಂಡರು? ಬಂದವರಿಗೆ ಸಿಕ್ಕಿದ್ದಾದರೂ ಏನು?

ಮನೆಯಲ್ಲೊಂದು ದೀರ್ಘ ಕಾಯಿಲೆ ಇಟ್ಟುಕೊಂಡು "ಇನ್ನು ಯಾವ ಭರವಸೆ?" ಎಂದು ಕೇಳುತ್ತಿರುವವರು ಇವತ್ತೂ ಓಣಿಗೊಬ್ಬರು ಇದ್ದಾರೆ. ಅವರಿಗೆ ಈ ಹಳೇ ಕತೆಯಲ್ಲಿ ಏನೋ ಒಂದು ಸಿಗಬಹುದು.

ಆಲದ ಮರದ ಕೆಳಗೆ

ಅಗಸ್ಟಸ್ ಮುಲ್ಲರ್ ಜರ್ಮನಿಯ ವೆಸ್ಟ್‌ಫಾಲಿಯಾ ಸೀಮೆಯವರು. ಹುಟ್ಟಿದ್ದು 1841ರಲ್ಲಿ. ಜೆಸ್ವಿಟ್ ಸಂಘಕ್ಕೆ ಸೇರಿದ ಪಾದ್ರಿ. 1878ರ ಕೊನೆಗೆ ಮಂಗಳೂರಿಗೆ ಬಂದಿಳಿದ ಜೆಸ್ವಿಟರ ತಂಡದಲ್ಲಿ ಅವರಿದ್ದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರುವಾದಾಗ ಅಲ್ಲಿ ಮೇಷ್ಟ್ರಾದರು. ಪಾಠದ ಜೊತೆಗೆ ಅವರಲ್ಲಿ ಹೋಮಿಯೋಪಥಿ ಗುಳಿಗೆಗಳ ಒಂದು ಪೆಟ್ಟಿಗೆ ಇತ್ತು. ಹುಷಾರಿಲ್ಲದ ಹುಡುಗರಿಗೆ ಕೊಡುತ್ತಾ ಕೊಡುತ್ತಾ, ಆ ಪೆಟ್ಟಿಗೆ ಕಂಕನಾಡಿಯ ಆಲದ ಮರದ ಕೆಳಗೆ ಬಂತು. ಅದೇ 1880ರಲ್ಲಿ ಬಡವರ ಔಷಧಾಲಯ ಆಯಿತು.

ದುಡ್ಡಿಗೇನು ದಾರಿ? ಔಷಧಿ ತಯಾರಿಸಿ ದೇಶದ ನಾನಾ ಕಡೆ ಅಂಚೆಯಲ್ಲಿ ಕಳಿಸಿ ಮಾರುವುದು, ಬಂದ ಲಾಭವನ್ನು ಬಡರೋಗಿಗಳಿಗೆ ಹಾಕುವುದು. ಲೆಕ್ಕದ ಮನುಷ್ಯ. ಬರೇ ಕಣ್ಣೀರು ಹಾಕಿದರೆ ಅನ್ನ ಬೇಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಮರದ ಕೆಳಗೆ ಬಂದವರಲ್ಲಿ ಎಲ್ಲರೂ ಗುಳಿಗೆ ತೆಗೆದುಕೊಂಡು ಮನೆಗೆ ಹೋಗುವವರಲ್ಲ. ಕೆಲವರಿಗೆ ಹೋಗಲು ಮನೆಯೇ ಇರಲಿಲ್ಲ. ಅವರೇ ದೊಡ್ಡರೋಗದವರು.

ಹೆಸರು ಹೇಳದ ರೋಗ

ಹಳಬರು ಕುಷ್ಠ ಎಂಬ ಶಬ್ದವನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ದೊಡ್ಡರೋಗ, ಮಹಾರೋಗ ಎಂದು ಸುತ್ತುಬಳಸಿ ಹೇಳುತ್ತಿದ್ದರು. ಮೈಮೇಲೆ ಒಂದು ಮಚ್ಚೆ ಕಂಡಿತೆಂದರೆ ಮುಗಿಯಿತು. ತೋಟದ ಮೂಲೆಯಲ್ಲಿ ಬೇರೆ ಗುಡಿಸಲು, ಬೇರೆ ಬಟ್ಟಲು, ಬಾವಿಕಟ್ಟೆ ಬಂದ್. ಅಣ್ಣನಿಗೆ ಬಂದರೆ ತಂಗಿಯ ಸಂಬಂಧ ತಪ್ಪುತ್ತಿತ್ತು. "ಅವರ ಮನೆಯಲ್ಲಿ ಅದು ಉಂಟಂತೆ" ಎಂಬ ಒಂದು ಪಿಸುಮಾತಿಗೆ ಇಡೀ ಮನೆತನ ತಲೆ ತಗ್ಗಿಸಬೇಕಿತ್ತು. ಹಿಂದೂ ಮನೆ, ಮುಸ್ಲಿಂ ಮನೆ, ಕ್ರೈಸ್ತರ ಮನೆ ಎಂಬ ಭೇದ ಇದರಲ್ಲಿ ಇರಲಿಲ್ಲ. ಹೆದರಿಕೆಗೆ ಯಾವ ಜಾತಿ?

ನಾರ್ವೆ ದೇಶದ ವೈದ್ಯ ಹ್ಯಾನ್ಸನ್ 1873ರಲ್ಲೇ ಈ ರೋಗದ ಸೂಕ್ಷ್ಮಾಣುವನ್ನು ಪತ್ತೆ ಮಾಡಿದ್ದರು. ಇದು ಶಾಪ ಅಲ್ಲ, ಪೂರ್ವಜನ್ಮದ ಪಾಪ ಅಲ್ಲ, ರಕ್ತದಲ್ಲಿ ಹರಿದು ಬಂದದ್ದೂ ಅಲ್ಲ. ಒಂದು ಕ್ರಿಮಿಯ ಕೆಲಸ ಎಂದು ಗೊತ್ತಾಗಿತ್ತು. ಆದರೆ ಗೊತ್ತಾದದ್ದರಿಂದ ರೋಗಿಗೆ ಕೂಡಲೇ ಉಪಕಾರ ಆಗಲಿಲ್ಲ. ಅಂಟುಜಾಡ್ಯ ಎಂಬ ಭಯವೇ ಹೆಚ್ಚಿತು. ಬ್ರಿಟಿಷ್ ಸರ್ಕಾರ 1898ರಲ್ಲಿ ಕಾಯಿದೆ ಮಾಡಿ, ನಿರ್ಗತಿಕ ಕುಷ್ಠರೋಗಿಗಳನ್ನು ಹಿಡಿದು ಆಶ್ರಮಕ್ಕೆ ಹಾಕುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಈ ಕಾಯಿದೆ ನಮ್ಮ ಪುಸ್ತಕದಿಂದ ಪೂರ್ತಿ ಹೋದದ್ದು ಯಾವಾಗ ಗೊತ್ತೇ? 2016ರಲ್ಲಿ!

ಮುಟ್ಟಿದ್ದು ಮೊದಲು

ಕ್ರೈಸ್ತರ ವೇದಪುಸ್ತಕ ಇದಕ್ಕೆ ಏನು ಹೇಳುತ್ತದೆ? ಸತ್ಯ ಹೇಳಬೇಕೆಂದರೆ ಅಲ್ಲಿ ಎರಡು ಮಾತೂ ಇವೆ.

ಹಳೆಯ ಒಡಂಬಡಿಕೆಯ ಯಾಜಕಕಾಂಡ ಓದಿದರೆ ಎದೆ ಝಲ್ ಎನ್ನುತ್ತದೆ. ಇಂಥ ಚರ್ಮರೋಗದವನು ಹರಿದ ಬಟ್ಟೆ ಹಾಕಿಕೊಂಡು, ತಾನು ಅಶುದ್ಧ ಎಂದು ತಾನೇ ಕೂಗುತ್ತಾ, ಪಾಳೆಯದ ಹೊರಗೆ ಒಂಟಿಯಾಗಿ ಇರಬೇಕು ಎಂದು ಅಲ್ಲಿ ನಿಯಮ ಉಂಟು. ಯುರೋಪಿನಲ್ಲಿ ನೂರಾರು ವರ್ಷ ಕುಷ್ಠರೋಗಿಗಳನ್ನು ದೂರ ಇಟ್ಟವರೂ ಕ್ರೈಸ್ತರೇ.

ಹೊಸ ಒಡಂಬಡಿಕೆಯಲ್ಲಿ ಅದೇ ರೋಗದವನೊಬ್ಬ ಯೇಸುವಿನ ಎದುರು ಬಂದು ಮೊಣಕಾಲೂರುತ್ತಾನೆ. ನಿನಗೆ ಮನಸ್ಸಿದ್ದರೆ ನನ್ನನ್ನು ಶುದ್ಧ ಮಾಡಬಲ್ಲೆ ಎನ್ನುತ್ತಾನೆ. ಯೇಸು ಕೈ ಚಾಚಿ ಅವನನ್ನು ಮುಟ್ಟುತ್ತಾರೆ. ಆಮೇಲೆ ಶುದ್ಧನಾಗು ಎನ್ನುತ್ತಾರೆ. ಈ ಕ್ರಮವನ್ನು ಸ್ವಲ್ಪ ಗಮನಿಸಿ. ಗುಣವಾದ ಮೇಲೆ ಮುಟ್ಟಿದ್ದಲ್ಲ. ಮುಟ್ಟಿದ್ದು ಮೊದಲು, ಗುಣವಾದದ್ದು ಆಮೇಲೆ. ವರ್ಷಾನುಗಟ್ಟಲೆ ಇನ್ನೊಬ್ಬರ ಕೈ ಮೈಗೆ ತಾಗದವನಿಗೆ ಆ ಒಂದು ಗಳಿಗೆಯಲ್ಲಿ ಏನಾಗಿರಬೇಕು?

ಕಂಕನಾಡಿಯಂಥ ಕಡೆ ಐವತ್ತು ವರ್ಷ ನಡೆದದ್ದು ಈ ಕತೆಯ ಮೊದಲರ್ಧ ಮಾತ್ರ. ಗುಣ ಮಾಡುವ ಶಕ್ತಿ ಯಾರಲ್ಲೂ ಇರಲಿಲ್ಲ. ಮುಟ್ಟುವ ಕೈ ಇತ್ತು.

ಐವತ್ತು ವರ್ಷದ ದಿನಚರಿ

ಆ ಕಾಲದ ಕುಷ್ಠಾಶ್ರಮಗಳ ಕೆಲಸ ಎಂದರೆ ಕೇಳಲು ಸಣ್ಣದು, ಮಾಡಲು ದೊಡ್ಡದು. ಬೆಳಗಾದರೆ ಹುಣ್ಣು ತೊಳೆಯಬೇಕು. ಕೀವು ಒರೆಸಿ ಬಟ್ಟೆ ಕಟ್ಟಬೇಕು. ಕಟ್ಟಿದ ಬಟ್ಟೆ ಕುದಿಸಿ ಮರುದಿನಕ್ಕೆ ಒಣಗಿಸಬೇಕು. ಬೆರಳಿಲ್ಲದವರಿಗೆ ಊಟ ಮಾಡಿಸಬೇಕು. ಚಾಲ್‌ಮೂಗ್ರಾ ಎಂಬ ಕಾಡುಬೀಜದ ಎಣ್ಣೆಯನ್ನು ಕುಡಿಸುವುದು, ಹಚ್ಚುವುದು ಉಂಟಿತ್ತು. ಕುಡಿದರೆ ಹೊಟ್ಟೆ ತೊಳಸಿ ಬರುತ್ತಿತ್ತು, ಗುಣವೂ ಅಷ್ಟಕ್ಕಷ್ಟೇ. ಮುಲ್ಲರ್ ಪಾದ್ರಿಗಳ ಪೆಟ್ಟಿಗೆಯಲ್ಲಿದ್ದ ಗುಳಿಗೆಗಳಿಂದಲೂ ಈ ರೋಗ ಹೋಗುವಂತಿರಲಿಲ್ಲ. ಸತ್ತಾಗ ಮಾತ್ರ ಹೆಸರು ಹಿಡಿದು ಪ್ರಾರ್ಥಿಸಿ ಮಣ್ಣು ಮಾಡುವವರು ಇದ್ದರು. ಹಾದಿಬದಿಯ ಹೆಣ ಆಗಲಿಲ್ಲ.

ಇದನ್ನು ಭರವಸೆ ಎನ್ನಬಹುದೇ? ಬದುಕಿನಲ್ಲಿ ಒಮ್ಮೆಯಾದರೂ ಹಾಸಿಗೆ ಹಿಡಿದವರಿಗೆ ಇದರ ಬೆಲೆ ಗೊತ್ತಿರುತ್ತದೆ. ನಾಳೆ ಬೆಳಿಗ್ಗೆಯೂ ಒಬ್ಬರು ಬರುತ್ತಾರೆ, ಹೆಸರು ಹಿಡಿದು ಕರೆಯುತ್ತಾರೆ, ಮುಖ ತಿರುಗಿಸುವುದಿಲ್ಲ. ರೋಗಿಗೆ ಆ ನಂಬಿಕೆ ಬಂದರೆ ರಾತ್ರಿ ಕಳೆಯುತ್ತದೆ.

1902ರಲ್ಲಿ ಪ್ಲೇಗು ಮಂಗಳೂರಿಗೂ ಬಂದಾಗ ಜನ ಮನೆಮಠ ಬಿಟ್ಟು ಓಡಿದರೆ, ಕಂಕನಾಡಿಯಲ್ಲಿ ಪ್ಲೇಗಿನವರಿಗೆಂದೇ ಇನ್ನೊಂದು ಆಸ್ಪತ್ರೆ ಎದ್ದಿತು. ಮುಲ್ಲರ್ ತೀರಿಕೊಂಡದ್ದು 1910ರ ನವೆಂಬರ್ 1ರಂದು. ಕಥೋಲಿಕರಿಗೆ ಅದು ಸಕಲ ಸಂತರ ಹಬ್ಬದ ದಿನ. ಕುಷ್ಠಕ್ಕೆ ಮದ್ದು ಬಂದದ್ದನ್ನು ಅವರು ಕಾಣಲಿಲ್ಲ. ಬಿತ್ತಿದವರು ಒಬ್ಬರು, ಕೊಯ್ದವರು ಇನ್ನೊಬ್ಬರು.

ಕಡಲಾಚೆಯ ಪಾದ್ರಿ

ಇದೇ ಕಾಲಕ್ಕೆ ಸಾವಿರಾರು ಮೈಲಿ ದೂರದ ಹವಾಯಿ ದ್ವೀಪಗಳಲ್ಲಿ ಇನ್ನೊಬ್ಬ ಪಾದ್ರಿಯ ಕತೆ ನಡೆದಿತ್ತು. ಬೆಲ್ಜಿಯಂ ದೇಶದ ಡೇಮಿಯನ್. ಮೊಲೊಕಾಯ್ ದ್ವೀಪದ ಕಲಾವುಪಾಪಾದಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಕಡಿದಾದ ಬಂಡೆಗೋಡೆ. ಕುಷ್ಠರೋಗಿಗಳನ್ನು ಹಡಗಿನಲ್ಲಿ ತಂದು ಅಲ್ಲಿ ಬಿಟ್ಟು ಹೋಗುತ್ತಿದ್ದರು. ಹ್ಯಾನ್ಸನ್ ಕ್ರಿಮಿ ಪತ್ತೆ ಮಾಡಿದ ಅದೇ 1873ರಲ್ಲಿ ಡೇಮಿಯನ್ ಅಲ್ಲಿಗೆ ಹೋದರು. ಮನೆ ಕಟ್ಟಿದರು, ನೀರು ತಂದರು, ಹುಣ್ಣು ಕಟ್ಟಿದರು, ಶವಪೆಟ್ಟಿಗೆಗಳನ್ನೂ ತಾವೇ ಮಾಡಿದರು.

1884ರ ಕೊನೆಗೆ ಒಂದು ದಿನ ಕುದಿನೀರಿಗೆ ಕಾಲಿಟ್ಟರೆ ಚರ್ಮ ಬೊಬ್ಬೆ ಎದ್ದಿತು. ಕಾಲಿಗೆ ಮಾತ್ರ ಬಿಸಿ ಗೊತ್ತಾಗಲಿಲ್ಲ. ರೋಗ ತಮಗೂ ಬಂದಿದೆ ಎಂದು ತಿಳಿಯಿತು. ಹಿಂದೆ ಹೋಗಲಿಲ್ಲ. 1889ರ ಏಪ್ರಿಲ್ 15ರಂದು, 49ನೇ ವಯಸ್ಸಿನಲ್ಲಿ, ಅಲ್ಲೇ ತೀರಿಕೊಂಡರು. ಮರುವರ್ಷವೇ ಕಂಕನಾಡಿಯ ಕುಷ್ಠಾಶ್ರಮ. 2009ರಲ್ಲಿ ಪೋಪರು ಡೇಮಿಯನ್ ಅವರನ್ನು ಸಂತರೆಂದು ಘೋಷಿಸಿದರು.

ಕ್ರೈಸ್ತರ ನಂಬಿಕೆಯ ತಿರುಳು ಇಂಥ ಕಡೆ ಕಣ್ಣಿಗೆ ಕಾಣುತ್ತದೆ. ಶುಭ ಶುಕ್ರವಾರ ಇಗರ್ಜಿಗಳಲ್ಲಿ ಶಿಲುಬೆಯ ಹಾದಿ ನಡೆಸುತ್ತಾರಲ್ಲ, ಅಲ್ಲಿ ನೋವಿಗೆ ಕಾರಣ ಏನು ಎಂದು ಯಾರೂ ವಿವರಿಸುವುದಿಲ್ಲ. ದೇವರೇ ಗಾಯಗೊಂಡ, ಬಾಯಾರಿದ, ಜೊತೆಗಾರರು ಬಿಟ್ಟೋಡಿದರು ಎನ್ನುತ್ತಾರೆ. ನೋವಿನಲ್ಲಿರುವವನಿಗೆ "ನೀನು ಒಬ್ಬನೇ ಅಲ್ಲ" ಎನ್ನುವುದೇ ಅದರ ಅರ್ಥ. ಮೂರನೇ ದಿನ ಈಸ್ಟರ್. ಅದಕ್ಕೆ ಮೊದಲು ಶನಿವಾರದ ಮೌನ ಒಂದು ಇರುತ್ತದೆ. ಕುಷ್ಠಾಶ್ರಮಗಳಿಗೆ ಆ ಶನಿವಾರ ಐವತ್ತು ವರ್ಷ ಹಿಡಿಯಿತು.

ನೋವಿಲ್ಲದಿರುವುದೇ ನೋವು

ಅಂತೂ 1941ರಲ್ಲಿ ಅಮೆರಿಕದ ಕಾರ್‌ವಿಲ್ ಆಸ್ಪತ್ರೆಯಲ್ಲಿ ಮೊದಲ ಪರಿಣಾಮಕಾರಿ ಔಷಧಿ ಪ್ರಯೋಗವಾಯಿತು. ಆಮೇಲೆ ಡ್ಯಾಪ್ಸೋನ್ ಮಾತ್ರೆ ಬಂತು. ಕ್ರಿಮಿ ಸಾಯತೊಡಗಿತು. ಆದರೆ ಬಾಗಿದ ಬೆರಳು ಬಾಗಿದ ಹಾಗೇ ಇತ್ತು. ರೋಗ ಹೋದರೂ ಭಿಕ್ಷೆ ತಪ್ಪಲಿಲ್ಲ.

ಈ ಗಂಟನ್ನು ಬಿಡಿಸಿದ್ದು ನಮ್ಮ ನೆರೆಯ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜು. ದೊಡ್ಡ ಕಾಯಿಲೆ ಎಂದರೆ "ವೆಲ್ಲೂರಿಗೆ ಹೋಗಿ ಬಂದ್ರಾ?" ಎಂದು ಕರ್ನಾಟಕದಲ್ಲೂ ಕೇಳುತ್ತಾರಲ್ಲ, ಅದೇ. ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಮಿಶನರಿಗಳ ಮಗನಾಗಿ ಹುಟ್ಟಿದ ಪಾಲ್ ಬ್ರ್ಯಾಂಡ್ 1946ರಲ್ಲಿ ಅಲ್ಲಿಗೆ ಶಸ್ತ್ರವೈದ್ಯರಾಗಿ ಬಂದರು. ಕುಷ್ಠಾಶ್ರಮವೊಂದಕ್ಕೆ ಹೋದಾಗ ಬೆರಳು ಮುರುಟಿದ ರೋಗಿಯೊಬ್ಬನ ಕೈ ಕುಲುಕಿದರು. ಹಿಡಿತ ಎಷ್ಟು ಬಿಗಿ ಎಂದರೆ ವೈದ್ಯರಿಗೇ ನೋವಾಯಿತು! ಅಂದರೆ ಸ್ನಾಯು ಸತ್ತಿಲ್ಲ. ಬದುಕಿರುವ ಸ್ನಾಯುವಿನ ನರಕಟ್ಟನ್ನು ಬೇರೆ ಕಡೆ ಜೋಡಿಸಿದರೆ ಬೆರಳು ನೆಟ್ಟಗಾಗಬಹುದು. ಆಗಿಯೂ ಆಯಿತು. ಇಲ್ಲೂ ಎಲ್ಲ ಶುರುವಾದದ್ದು ಕೈಗೆ ಕೈ ಕೊಟ್ಟದ್ದರಿಂದ.

ಬೆರಳು ತಾನಾಗಿ ಉದುರುವುದಿಲ್ಲ ಎಂದೂ ಅವರು ತೋರಿಸಿದರು. ರೋಗ ನರವನ್ನು ಕೊಲ್ಲುತ್ತದೆ, ನೋವು ಗೊತ್ತಾಗುವುದಿಲ್ಲ; ಬಿಸಿ ಪಾತ್ರೆ ಹಿಡಿದರೂ ತಿಳಿಯದು, ಮುಳ್ಳು ಚುಚ್ಚಿದರೂ ತಿಳಿಯದು. ರಾತ್ರಿ ಮಲಗಿದಾಗ ಇಲಿ ಕಚ್ಚಿದರೂ ಎಚ್ಚರವಾಗದು. ಅದಕ್ಕೇ ವೆಲ್ಲೂರಿನ ರೋಗಿಗಳಿಗೆ ಬೆಕ್ಕು ಸಾಕಲು ಹೇಳಿದರು! ನೋವು ಮನುಷ್ಯನ ವೈರಿ ಅಲ್ಲ, ಕಾವಲುಗಾರ ಎಂದು ಬ್ರ್ಯಾಂಡ್ ಜೀವಮಾನವಿಡೀ ಹೇಳಿದರು.

ಅದೇ ಕಾಲೇಜಿನ ಯುವ ವೈದ್ಯೆ ಮೇರಿ ವರ್ಗೀಸ್. 1954ರಲ್ಲಿ ಜೊತೆಗಾರರೊಂದಿಗೆ ಹೊರಟ ವಾಹನ ಮಗುಚಿತು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಮುಖಕ್ಕೂ ಗಾಯ. ಇನ್ನು ನಡೆಯುವ ಮಾತಿಲ್ಲ. ದೇವಭಕ್ತೆ ಹೆಣ್ಣುಮಗಳು, ಬೇಡಿದ ಕಾಲು ಮಾತ್ರ ಮರಳಿ ಬರಲಿಲ್ಲ.

ಆದರೆ ಕೈಯ ಶಸ್ತ್ರಚಿಕಿತ್ಸೆಯನ್ನು ಕುಳಿತೇ ಮಾಡಬಹುದಲ್ಲ! ಬ್ರ್ಯಾಂಡ್ ದಾರಿ ತೋರಿಸಿದರು. ಮೇರಿ ಗಾಲಿಕುರ್ಚಿಯಲ್ಲಿ ಕುಳಿತು ಕುಷ್ಠರೋಗಿಗಳ ಬೆರಳು ನೆಟ್ಟಗೆ ಮಾಡಿದರು. ಮಂಚದ ಮೇಲಿದ್ದವನಿಗೆ ಕೈ ಇಲ್ಲ, ಚಾಕು ಹಿಡಿದವರಿಗೆ ಕಾಲಿಲ್ಲ. ಯಾರು ಯಾರಿಗೆ ಧೈರ್ಯ ಹೇಳಿದರೋ! ಆಮೇಲೆ ಅಮೆರಿಕಕ್ಕೆ ಹೋಗಿ ಪುನರ್ವಸತಿ ವೈದ್ಯಶಾಸ್ತ್ರ ಕಲಿತು ಬಂದು, ಬೆನ್ನು ಮುರಿದವರಿಗಾಗಿ ವೆಲ್ಲೂರಿನಲ್ಲಿ 1966ರಲ್ಲಿ ಪುನರ್ವಸತಿ ಸಂಸ್ಥೆ ಕಟ್ಟಿದರು. 1972ರಲ್ಲಿ ಪದ್ಮಶ್ರೀ ಬಂತು. 1986ರಲ್ಲಿ ತೀರಿಕೊಂಡರು. ಬೇಡಿದ್ದು ಸಿಗದಿದ್ದಾಗಲೂ ನಂಬಿಕೆ ಕೆಲಸಕ್ಕೆ ಬರುತ್ತದೆಯೇ ಎಂದು ಕೇಳುವವರಿಗೆ ಅವರ ಮೂವತ್ತೆರಡು ವರ್ಷದ ಗಾಲಿಕುರ್ಚಿ ಬದುಕೇ ಉತ್ತರ.

ಯೋಬನ ಸ್ನೇಹಿತರು

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರದ ಮಾತೂ ಬೇಕು. ನಂಬಿಕೆಯ ಹೆಸರಲ್ಲಿ ನೋವಿನವರ ಮೇಲೆ ಇನ್ನಷ್ಟು ಹೊರೆ ಹಾಕುವವರೂ ಇದ್ದಾರೆ. "ನಿಮ್ಮ ಪ್ರಾರ್ಥನೆ ಸಾಕಾಗಲಿಲ್ಲ", "ಏನೋ ತಪ್ಪು ಮಾಡಿರಬೇಕು", "ಎಲ್ಲ ದೇವರ ಚಿತ್ತ, ಅಳಬೇಡಿ" ಎಂದು ಹಾಸಿಗೆಯ ಪಕ್ಕ ನಿಂತು ಹೇಳಿ ಹೋಗುತ್ತಾರೆ. ಅವರಿಗೇನು, ಹೇಳಿದರು, ಚಾ ಕುಡಿದರು, ಹೋದರು.

ವೇದಪುಸ್ತಕದ ಯೋಬನ ಕತೆ ಇಂಥವರಿಗಾಗಿಯೇ ಬರೆದ ಹಾಗಿದೆ. ಆಸ್ತಿ ಹೋಗಿ, ಮಕ್ಕಳು ಹೋಗಿ, ಮೈಯೆಲ್ಲ ಹುಣ್ಣಾಗಿ ಯೋಬ ಬೂದಿಯಲ್ಲಿ ಕುಳಿತು ಮಡಕೆಚೂರಿನಿಂದ ಮೈ ಕೆರೆದುಕೊಳ್ಳುತ್ತಿದ್ದಾನೆ. ಮೂವರು ಸ್ನೇಹಿತರು ಬರುತ್ತಾರೆ. ಏಳು ದಿನ ಏಳು ರಾತ್ರಿ ಮಾತಾಡದೆ ಅವನ ಪಕ್ಕ ನೆಲದ ಮೇಲೆ ಕೂರುತ್ತಾರೆ. ಅಲ್ಲಿಯವರೆಗೆ ಅವರು ಮಾಡಿದ್ದು ಸರಿ. ಬಾಯಿ ಬಿಟ್ಟ ಮೇಲೆ ಕೆಟ್ಟಿತು! ನೀನು ಪಾಪ ಮಾಡಿರಬೇಕು ಎಂದು ವಾದಕ್ಕೆ ಇಳಿಯುತ್ತಾರೆ. ಕೊನೆಗೆ ದೇವರು ಸಿಟ್ಟಾಗುವುದು ಈ ವಾದ ಮಾಡಿದ ಸ್ನೇಹಿತರ ಮೇಲೆ. ಯೇಸುವಿನ ಕತೆಯಲ್ಲೂ ಹುಟ್ಟುಕುರುಡನನ್ನು ತೋರಿಸಿ, ಇವನ ಪಾಪವೋ ಅಪ್ಪ ಅಮ್ಮನ ಪಾಪವೋ ಎಂದು ಶಿಷ್ಯರು ಕೇಳಿದಾಗ, ಇಬ್ಬರದ್ದೂ ಅಲ್ಲ ಎಂಬ ಉತ್ತರ ಬರುತ್ತದೆ.

ಇನ್ನೊಂದು. ಪ್ರಾರ್ಥನೆ ಮಾಡಿಸಿದೆವು, ಇನ್ನು ಮಾತ್ರೆ ಬೇಡ ಎಂದು ಔಷಧಿ ನಿಲ್ಲಿಸುವುದು ನಂಬಿಕೆ ಅಲ್ಲ, ಅಪಾಯ. ಕುಷ್ಠದ ಮಟ್ಟಿಗಂತೂ ಮದ್ದು ತಡವಾದಷ್ಟೂ ನರ ಸಾಯುತ್ತದೆ, ಸತ್ತ ನರ ಮರಳಿ ಬರುವುದು ಕಷ್ಟ. ಕಂಕನಾಡಿಯಲ್ಲಿ, ವೆಲ್ಲೂರಿನಲ್ಲಿ ಪ್ರಾರ್ಥನಾಲಯವೂ ಔಷಧಾಲಯವೂ ಒಂದೇ ಹಿತ್ತಲಲ್ಲಿ ಇವೆ.

ಈಗ ಮದ್ದು ಉಂಟು, ಬಾಗಿಲು?

1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೂರು ಔಷಧಿ ಒಟ್ಟಿಗೆ ಕೊಡುವ ಪದ್ಧತಿಯನ್ನು ಹೇಳಿತು. ರಿಫಾಂಪಿಸಿನ್, ಕ್ಲೊಫಾಜಿಮಿನ್, ಡ್ಯಾಪ್ಸೋನ್. ರೋಗದ ಮಟ್ಟ ನೋಡಿ ಆರು ತಿಂಗಳು ಅಥವಾ ಒಂದು ವರ್ಷ ತೆಗೆದುಕೊಂಡರೆ ಗುಣ. ಚಿಕಿತ್ಸೆ ಶುರುವಾದ ಸ್ವಲ್ಪ ಸಮಯದಲ್ಲೇ ರೋಗಿಯಿಂದ ಇನ್ನೊಬ್ಬರಿಗೆ ಅಂಟುವ ಭಯವೂ ಹೋಗುತ್ತದೆ. ಮೊದಲೇ ಇದು ಸುಲಭಕ್ಕೆ ಅಂಟುವ ರೋಗ ಅಲ್ಲ. ಬಹುಪಾಲು ಜನರ ಮೈಯಲ್ಲಿ ಇದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಔಷಧಿ ಪುಕ್ಕಟೆ.

ಹತ್ತು ಸಾವಿರ ಜನಕ್ಕೆ ಒಂದಕ್ಕಿಂತ ಕಡಿಮೆ ರೋಗಿ ಎಂಬ ಮಟ್ಟವನ್ನು ಭಾರತ 2005ರ ಡಿಸೆಂಬರಿಗೆ ಮುಟ್ಟಿತು. ಹಾಗೆಂದು ರೋಗ ಹೋಯಿತೆಂದಲ್ಲ. 2023ರಲ್ಲೂ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೊಸ ರೋಗಿಗಳು ಪತ್ತೆಯಾಗಿದ್ದಾರೆ. ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮವರೇ. ಕುಷ್ಠ ಎಂಬ ಕಾರಣಕ್ಕೆ ವಿಚ್ಛೇದನ ಕೇಳಬಹುದು ಎಂಬ ಸಾಲು ನಮ್ಮ ವಿವಾಹ ಕಾನೂನುಗಳಿಂದ ಹೋದದ್ದೇ 2019ರಲ್ಲಿ.

ಕಾನೂನು ಹೋಗಬಹುದು, ನಾಚಿಕೆ ಹೋಗಬೇಕಲ್ಲ! ತೋಳಿನ ಮೇಲೆ ಬಣ್ಣಗೆಟ್ಟ ಮಚ್ಚೆ ಕಂಡ ಅಕ್ಕ ಈಗಲೂ ಅದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾಳೆ. "ಏನಕ್ಕ ಅದು?" ಎಂದರೆ "ಏನಿಲ್ಲ ತಂಗಿ, ಉಷ್ಣ" ಎನ್ನುತ್ತಾಳೆ. ಹೀಗೆ ಉಷ್ಣ ಉಷ್ಣ ಎನ್ನುತ್ತಾ ವರ್ಷ ಕಳೆಯುತ್ತದೆ. ಅಷ್ಟರಲ್ಲಿ ಕಿರುಬೆರಳು ಬಾಗಿರುತ್ತದೆ.

1890ರಲ್ಲಿ ಮದ್ದು ಇರಲಿಲ್ಲ, ಬಾಗಿಲು ತೆರೆದಿತ್ತು. ಈಗ ಮದ್ದು ಪ್ರತಿ ಹೋಬಳಿಯಲ್ಲೂ ಉಂಟು, ಮನೆಯ ಬಾಗಿಲುಗಳು ಪೂರ್ತಿ ತೆರೆದಿಲ್ಲ. ತಿಳಿಬಣ್ಣದ ಅಥವಾ ಕೆಂಪುಬಣ್ಣದ ಮಚ್ಚೆ, ಮುಟ್ಟಿದರೆ ಸ್ಪರ್ಶ ಗೊತ್ತಾಗದು, ಕೈಕಾಲು ಜೋಮು ಹಿಡಿದ ಹಾಗೆ ಇದೆ ಎಂದರೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಿ. ಊರಿನ ಆಶಾ ಕಾರ್ಯಕರ್ತೆಯರಿಗೆ ಹೇಳಿದರೂ ಆಯಿತು. ಒಬ್ಬರೇ ಹೋಗಲು ನಾಚಿಕೆಯಾದರೆ ಮನೆಯವರು ಯಾರಾದರೂ ಜೊತೆಗೆ ಹೋಗಲಿ. ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲೇ ಕೂತು ಹೋಗಲಿ.